ಹುಲಿಯನ ಮನೆಪಾಠ

ನಾಯಿಮರಿಗೆ ಮನೆಯೊಳಗಿನ ಶೌಚಶಿಸ್ತನ್ನು ಕಲಿಸುವ ಕೆಲಸಕ್ಕೆ ಕನ್ನಡದಲ್ಲಿ ನೆಟ್ಟಗೆ ಒಂದು ಪದವಿಲ್ಲ. ಇಲ್ಲದಿರುವುದಕ್ಕೆ ಕಾರಣವೂ ಸ್ಪಷ್ಟವಾಗಿಯೇ ಇದೆ. ನಮ್ಮ ಊರುಮನೆಗಳ ನಾಯಿ ಅಂಗಳದ ಜೀವಿ. ಜಗಲಿಯ ಅಂಚು ಅದರ ಗಡಿ. ಅದರಾಚೆಗೆ ತೋಟ, ಗದ್ದೆ, ಹಾಡ್ಯ. ಎಲ್ಲಿ ಹೋಗಬೇಕು, ಎಲ್ಲಿ ಹೋಗಬಾರದು ಎಂಬ ಪಾಠವನ್ನು ಅದಕ್ಕೆ ಯಾರೂ ಹೇಳಿಕೊಟ್ಟವರಿಲ್ಲ, ಹೇಳಿಕೊಡುವ ಅಗತ್ಯವೂ ಬೀಳಲಿಲ್ಲ. ಪದ ಬೇಕಾದದ್ದು ನಮ್ಮಂಥ ಮೂರನೆಯ ಮಹಡಿಯ ಮನೆಗಳಿಗೆ. ಆದ್ದರಿಂದ ನಾವು ಅದನ್ನು ‘ಮನೆಪಾಠ’ ಎಂದು ಕರೆದುಕೊಂಡೆವು. ಗಣಿತ, ವಿಜ್ಞಾನಗಳ ಟ್ಯೂಷನ್ನಿಗೆ ಇರುವ ಹೆಸರನ್ನು ನಾಯಿಗೆ ಅಂಟಿಸಿದ್ದಕ್ಕೆ ನಮ್ಮ ಬಳಗದ ಮೇಷ್ಟರುಗಳು ಕ್ಷಮಿಸಬೇಕು.

ಮನೆಪಾಠವನ್ನು ಕಲಿಸುವುದು ಹೇಗೆಂದು ಹೇಳುವವರು ಚೆನ್ನೈಯಲ್ಲಿ ಹೆಜ್ಜೆಗೊಬ್ಬರು ಸಿಗುತ್ತಾರೆ. ಕಲಿತ ಪಾಠವನ್ನು ನಾಯಿ ಮರೆತಾಗ ಏನು ಮಾಡಬೇಕೆಂದು ಹೇಳುವವರು ಕಡಿಮೆ. ಅವರಲ್ಲಿ ಹೆಚ್ಚಿನವರು ಹೇಳುವುದು ಒಂದೇ ಮಾತು: ಬುದ್ಧಿ ಬಂದಿಲ್ಲ, ಯಾರಿಗಾದರೂ ಕೊಟ್ಟುಬಿಡಿ. ನಮ್ಮ ಮನೆಯಲ್ಲಿಯೂ ವಿಷಯ ಆ ಮಾತಿನವರೆಗೆ ಬಂದು ನಿಂತಿತ್ತು. 2023ರ ಮಳೆಗಾಲದ ಆ ಕೆಲವು ವಾರಗಳನ್ನು ಬರೆದಿಡಬೇಕೆನ್ನಿಸಿದ್ದು ಅದಕ್ಕಾಗಿಯೇ.

ಮರಿ ನಮ್ಮ ಮನೆಗೆ ಬಂದದ್ದು ಆ ವರ್ಷದ ಆಗಸ್ಟಿನಲ್ಲಿ. ಅಣ್ಣಾ ನಗರ್‌ನ ನಡುವೆ ಹರಿಯುವ ಓಟ್ಟೇರಿ ನಾಲೆಯ ದಂಡೆಯಲ್ಲಿ ಯಾರೋ ಬಿಟ್ಟುಹೋಗಿದ್ದ ಮರಿಗಳಲ್ಲಿ ಒಂದು. ಎರಡೂವರೆ ತಿಂಗಳಿನದು, ಕಂದುಬಣ್ಣದ ಮೈ, ಬೆನ್ನಿನ ಮೇಲೆ ಕಪ್ಪು ಗೀರು. ಗೀರನ್ನು ನೋಡಿ ‘ಹುಲಿಯ’ ಎಂದು ಹೆಸರಿಟ್ಟೆವು. ‘ಮಲೆಗಳಲ್ಲಿ ಮದುಮಗಳು’ ಓದಿದವರಿಗೆ ಆ ಹೆಸರು ಎಲ್ಲಿಂದ ಬಂತೆಂದು ಬೇರೆ ಹೇಳಬೇಕಾಗಿಲ್ಲ. ಅಮ್ಮ ಮಾತ್ರ ಒಪ್ಪಲಿಲ್ಲ. ಅಮ್ಮ ನಮ್ಮಿಬ್ಬರಲ್ಲಿ ಒಬ್ಬರಿಗೆ ತಾಯಿ, ಇನ್ನೊಬ್ಬರಿಗೆ ಅತ್ತೆ; ವಯಸ್ಸು ಎಪ್ಪತ್ತಾರು; ತೀರ್ಥಹಳ್ಳಿಯ ಕಡೆಯ ಮನೆ ಮುಚ್ಚಿ ನಮ್ಮಲ್ಲಿಗೆ ಬಂದು ಎರಡು ವರ್ಷವಾಗಿತ್ತು. “ಗುತ್ತಿ ನಾಯಿ ಹೊಳೆ ಪಾಲಾಯ್ತಲ್ಲ, ಆ ಹೆಸರು ಬ್ಯಾಡ ಮಾರಾಯ್ರಾ” ಎಂದರು. ಹೆಸರು ಉಳಿಯಿತು. ಅಮ್ಮನ ಮಡಿಗೂ ಹುಲಿಯನಿಗೂ ನಡುವೆ ಅಡುಗೆಮನೆಯ ಹೊಸ್ತಿಲು ಗಡಿಯಾಯಿತು. ಬಾಲ್ಕನಿಯಲ್ಲಿದ್ದ ಅವರ ತುಳಸಿ ಕುಂಡ ಗಡಿಯಾಚೆಗೆ ಉಳಿದುಬಿಟ್ಟಿತು. ಊರಿನ ಅಂಗಳದ ಕಟ್ಟೆಯಿಂದಲೇ ಮಣ್ಣು ತಂದು ತುಂಬಿದ್ದ ಕುಂಡ ಅದು.

ಪಾಠದ ಮೊದಲ ಅಧ್ಯಾಯ ಸುಲಭವಾಗಿಯೇ ಸಾಗಿತು. ಮರಿಗೆ ಎಷ್ಟು ತಿಂಗಳು ವಯಸ್ಸೋ ಹೆಚ್ಚುಕಡಿಮೆ ಅಷ್ಟು ಗಂಟೆ ಮಾತ್ರ ಅದು ತಡೆದುಕೊಳ್ಳಬಲ್ಲದು ಎಂಬುದು ರೂಢಿಯ ಲೆಕ್ಕ. ಆ ಲೆಕ್ಕದಂತೆ ಎರಡು ಗಂಟೆಗೊಮ್ಮೆ, ನಿದ್ದೆಯಿಂದ ಎದ್ದಾಗ, ಉಂಡ ಕಾಲು ಗಂಟೆಯೊಳಗೆ, ಆಟ ಮುಗಿದ ಕೂಡಲೇ ಕೆಳಗೆ ಕರೆದೊಯ್ಯುವುದು; ಗೇಟಿನ ಪಕ್ಕದ ಹೊಂಗೆಮರದ ಬುಡದಲ್ಲಿ ಕಾಯುವುದು; ಕೆಲಸ ಮುಗಿಸಿದ ಕ್ಷಣದಲ್ಲಿಯೇ ಶಹಭಾಸ್ ಎಂದು ಒಂದು ಚೂರು ತಿಂಡಿ ಕೊಡುವುದು. ಮೇಲೆ ಬಂದು ಕೊಟ್ಟರೆ ಅದು ಮೆಟ್ಟಿಲು ಹತ್ತಿದ್ದಕ್ಕೆ ಸಿಕ್ಕ ಬಹುಮಾನವೆಂದು ನಾಯಿ ತಿಳಿಯುತ್ತದೆ.

ಆಜ್ಞೆಯ ಪದ ಒಂದೇ ಇರಬೇಕು, ಮನೆಯವರೆಲ್ಲರೂ ಅದನ್ನೇ ಬಳಸಬೇಕು ಎಂದರು ನಮ್ಮ ಪಶುವೈದ್ಯೆ. ಇಲ್ಲಿ ನಮಗೆ ಭಾಷೆಯ ತೊಡಕು ಎದುರಾಯಿತು. ನಾವು ಕನ್ನಡ, ಕೆಲಸಕ್ಕೆ ಬರುವ ಅಕ್ಕ ಮತ್ತು ಕೆಳಗಿನ ಕಾವಲುಗಾರರು ತಮಿಳು, ಎದುರುಮನೆಯ ಮಕ್ಕಳು ಇಂಗ್ಲಿಷ್. ಅಮ್ಮ ಶಾಲೆಯ ಮಕ್ಕಳಿಗೆ ಹೇಳುವಂತೆ “ಒಂದಕ್ಕೆ ಹೋಗೋ” ಎನ್ನುತ್ತಿದ್ದರು. ಒಂದು ದಿನ ಕಾವಲುಗಾರರು ಮರದ ಬುಡದಲ್ಲಿ ನಿಂತು ಹುಲಿಯನನ್ನು “ಒಣ್ಣುಕ್ಕು ಪೋಯಾಚ್ಚಾ?” ಎಂದು ವಿಚಾರಿಸುತ್ತಿದ್ದುದು ಕಿವಿಗೆ ಬಿತ್ತು. ಕನ್ನಡದ ಒಂದಕ್ಕೆ, ತಮಿಳಿನ ಒಣ್ಣುಕ್ಕು! ಎರಡು ಭಾಷೆಗಳೂ ಆ ಕೆಲಸಕ್ಕೆ ಅದೇ ಅಂಕಿಯನ್ನು ಕೊಟ್ಟಿವೆ. ಹುಲಿಯನಿಗೆ ಎರಡೂ ಒಂದೇ ಆಗಿ ಕೇಳಿಸಿದವು. ಈ ಊರಿನಲ್ಲಿ ಇಪ್ಪತ್ತು ವರ್ಷ ಕಳೆದ ನಮಗೆ ತಿಳಿಯದ ಈ ನಂಟನ್ನು ನಾಯಿಯ ನೆಪದಲ್ಲಿ ಕಂಡುಕೊಂಡೆವು. ಅಣ್ಣಾ ನಗರ್‌ನ ಗೋಪುರ ವಿಶ್ವೇಶ್ವರಯ್ಯನವರ ಹೆಸರಿನದು, 1968ರ ವ್ಯಾಪಾರ ಮೇಳಕ್ಕೆಂದು ಕಟ್ಟಿದ್ದು ಎಂದು ಊರಿನಿಂದ ಬಂದ ನೆಂಟರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತಿದ್ದೆವು. ಈಗ ಆ ಪಟ್ಟಿಗೆ ಇದೊಂದು ಸೇರಿತು.

ಅಕ್ಟೋಬರ್ ನಡುವಿನ ಹೊತ್ತಿಗೆ ಮನೆ ಒಣಗಿತ್ತು. ಅಮ್ಮನ ಒಂಟಿಕೊಪ್ಪಲ್ ಕ್ಯಾಲೆಂಡರಿನಲ್ಲಿ ಹುಲಿಯ ತಪ್ಪಿದ ದಿನಕ್ಕೊಂದು ಪೆನ್ಸಿಲ್ ಗುರುತು ಬೀಳುತ್ತಿತ್ತು. ಏಕಾದಶಿ, ಸಂಕಷ್ಟಿಗಳ ನಡುವೆ ಆ ಗುರುತುಗಳು ವಿರಳವಾಗುತ್ತ ಬಂದು, ಕೊನೆಯ ಎರಡು ವಾರ ಒಂದೂ ಇರಲಿಲ್ಲ.

ಆಮೇಲೆ ದೀಪಾವಳಿ ಬಂತು. ತಮಿಳುನಾಡಿನಲ್ಲಿ ಪಟಾಕಿಗೆ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಎಂಬ ನಿಯಮವಿದೆ. ನಿಯಮವನ್ನು ಓದಬಲ್ಲ ನಾಯಿಗಳಿಗೆ ಅದರಿಂದ ಸಮಾಧಾನ ದೊರೆಯಬಹುದು. ನವೆಂಬರ್ 12ಕ್ಕೆ ಹಬ್ಬ. ಅದಕ್ಕೆ ಮೂರು ದಿನ ಮೊದಲೇ ಹುಲಿಯ ಮಂಚದ ಕೆಳಗೆ ಸೇರಿದ. ಕೆಳಗಿಳಿಸಿದರೆ ಮರದವರೆಗೆ ಬರುವವನು, ಎಲ್ಲಿಯೋ ಒಂದು ಸದ್ದಿಗೆ ಹಗ್ಗ ಜಗ್ಗಿ ಲಿಫ್ಟಿಗೆ ಓಡುವವನು. ಲಿಫ್ಟಿನೊಳಗೇ ಒಮ್ಮೆ ಆಯಿತು. ನಿವಾಸಿಗಳ ಗುಂಪಿನಲ್ಲಿ ಚಿತ್ರಸಮೇತ ದೂರು ಬಂತು. ನೆಲವನ್ನು ನಾವೇ ಒರೆಸಿ ತೊಳೆದಿದ್ದರೂ ಸಾಕುನಾಯಿಗಳ ನಿಷೇಧದವರೆಗೆ ಚರ್ಚೆ ಬೆಳೆಯಿತು. ರುಕ್ಮಿಣಿ ದೇವಿಯವರ ನೇತೃತ್ವದಲ್ಲಿ 1962ರಲ್ಲಿ ಈ ಊರಿನಲ್ಲಿಯೇ ಹುಟ್ಟಿದ ಪ್ರಾಣಿ ಕಲ್ಯಾಣ ಮಂಡಳಿ, ಹಾಗೆ ನಿಷೇಧಿಸುವಂತಿಲ್ಲವೆಂದು 2015ರಲ್ಲಿಯೇ ಮಾರ್ಗಸೂಚಿ ಹೊರಡಿಸಿದೆ. ಅದನ್ನು ಯಾರೋ ಹಿರಿಯರು ನೆನಪಿಸಿದ ಮೇಲೆ ಚರ್ಚೆ ತಣ್ಣಗಾಯಿತು. ಪಟಾಕಿ ನಿಂತ ವಾರದೊಳಗೆ ಹುಲಿಯನೂ ದಾರಿಗೆ ಬಂದ. ಭಯದಿಂದಾದ ಹಿನ್ನಡೆ ಭಯ ಇಳಿದ ಮೇಲೆ ಇಳಿಯುತ್ತದೆ. ಅಷ್ಟು ದಿನ ಕಾಯಬೇಕು, ಅಷ್ಟೇ.

ಡಿಸೆಂಬರಿನದು ಬೇರೆಯೇ ಕಥೆ.

ಮಿಚಾಂಗ್ ಚಂಡಮಾರುತದ ಮಳೆ 3ರ ರಾತ್ರಿ ಬಿರುಸಾಯಿತು. 4ರಂದು ವಿಮಾನ ನಿಲ್ದಾಣವೇ ಮುಚ್ಚಿತು. ವೇಳಚೇರಿ, ಪಳ್ಳಿಕರಣೈಗಳ ಪಾಡಿಗೆ ಹೋಲಿಸಿದರೆ ಅಣ್ಣಾ ನಗರ್ ಅದೃಷ್ಟದ್ದು. ಆದರೂ ನಮ್ಮ ಅಡ್ಡರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಂತಿತು. 4ರ ನಸುಕಿನಲ್ಲಿ ಹೋದ ವಿದ್ಯುತ್ತು ಮರಳಿದ್ದು 6ರ ಮಧ್ಯಾಹ್ನ. ಲಿಫ್ಟ್ ಇಲ್ಲ, ಮೋಟಾರ್ ಓಡದ್ದರಿಂದ ಮೇಲಿನ ತೊಟ್ಟಿಯಲ್ಲಿ ನೀರಿಲ್ಲ. ಹೊರಗೆಲ್ಲ ನೀರೇ ನೀರು, ಬಚ್ಚಲಿನ ನಲ್ಲಿ ಒಣಗಿದೆ. ಮಳೆನೀರನ್ನು ಬಕೆಟ್ಟಿನಲ್ಲಿ ಹಿಡಿದು ಶೌಚಕ್ಕೆ ಸುರಿದುಕೊಳ್ಳುತ್ತ, ‘ತುಂಬ ಅವಸರವಿದ್ದರೆ ಮಾತ್ರ’ ಎಂಬ ಹೊಸ ನಿಯಮಕ್ಕೆ ಮನೆಯ ಮನುಷ್ಯರೂ ಒಳಪಟ್ಟಿದ್ದೆವು. ಆ ಎರಡೂವರೆ ದಿನ ಮನೆಪಾಠ ಎಲ್ಲರಿಗೂ ಇತ್ತು ಎನ್ನಬೇಕು.

ಹುಲಿಯನನ್ನು ಬೆಳಿಗ್ಗೆ ಎತ್ತಿಕೊಂಡು ಮೆಟ್ಟಿಲಿಳಿದೆವು. ಕೊನೆಯ ಮೆಟ್ಟಿಲುಗಳು ಮುಳುಗಿದ್ದವು. ಹೊಂಗೆಮರ ನೀರಿನಿಂದಲೇ ಎದ್ದು ನಿಂತಂತಿತ್ತು. ಬುಡವಿಲ್ಲ, ಮಣ್ಣಿಲ್ಲ. ಅವನು ಅತ್ತ ಇತ್ತ ಮೂಸಿ, ನಮ್ಮ ಮುಖ ನೋಡಿ, ಮತ್ತೆ ಮೇಲೆ ಹತ್ತಿದ. ಬಾಲ್ಕನಿಯಲ್ಲಿ ಹಳೆಯ ಪತ್ರಿಕೆ ಹಾಸಿದೆವು. ಅದನ್ನು ಸುತ್ತಿ ಬಂದು ಮಲಗಿದ. “ಒಂದಕ್ಕೆ” ಎಂದರೆ ಬಾಗಿಲಿನ ಬಳಿ ಹೋಗಿ ನಿಲ್ಲುತ್ತಿದ್ದ. ಮಧ್ಯಾಹ್ನ ಕಳೆಯಿತು. ಹಿಂದಿನ ರಾತ್ರಿ ಹತ್ತಕ್ಕೆ ಹೋಗಿಬಂದವನು ಅಂದು ಸಂಜೆ ನಾಲ್ಕರವರೆಗೆ, ಅಂದರೆ ಹದಿನೆಂಟು ಗಂಟೆ, ತಡೆದುಕೊಂಡ. ಆರು ತಿಂಗಳ ಮರಿಯ ಶಕ್ತಿಗೆ ಅದು ಮೂರು ಪಟ್ಟು. ಕೊನೆಗೆ ತುಳಸಿ ಕುಂಡದ ಮುಂದೆ ನಿಂತು, ಜೀವನದಲ್ಲಿ ಮೊದಲ ಬಾರಿಗೆ ಕಾಲೆತ್ತಿದ.

ಅಮ್ಮ ಆ ರಾತ್ರಿ ಊಟ ಮಾಡಲಿಲ್ಲ. ಬೈಯಲೂ ಇಲ್ಲ, ಅದು ಇನ್ನೂ ಕಷ್ಟ. ಸಿಗ್ನಲ್ಲು ಸಿಕ್ಕ ಹೊತ್ತಿಗೆ ಫೋನ್ ಮಾಡಿದ ಅಕ್ಕನಿಗೆ ವಿಷಯ ತಿಳಿಯಿತು. ಹೊಸೂರಿನ ಹತ್ತಿರ ಅವರ ಪರಿಚಿತರ ಗುಲಾಬಿ ತೋಟವಿದೆ. ಕಾವಲಿಗೆ ನಾಯಿ ಬೇಕಂತೆ. ನೀರಿಳಿದ ಮೇಲೆ ಕಳಿಸಿಬಿಡಿ, ಅಮ್ಮ ಆ ಒದ್ದೆ ನೆಲದ ಮೇಲೆ ಜಾರಿಬಿದ್ದರೆ ಯಾರು ಹೊಣೆ ಎಂದರು. ಕೊನೆಯ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಮೊಸಾಯಿಕ್ ನೆಲ, ಕತ್ತಲೆ, ಎಪ್ಪತ್ತಾರು ವರ್ಷದ ಮೂಳೆ. ತುಳಸಿಯ ವಿಷಯ ಹೇಗೋ ಶಮನವಾದೀತು, ಇದು ಹಾಗಲ್ಲ.

ನೀರಿಳಿದ ಮೇಲೆ ಎಲ್ಲವೂ ಮೊದಲಿನಂತಾಗುತ್ತದೆ ಎಂದು ಯಾರಾದರೂ ಎಣಿಸಬಹುದು. ಆಗಲಿಲ್ಲ. ಹೊಂಗೆಮರದ ಬುಡ ಹೊರಬಂತು, ಆದರೆ ಅದರ ಮೇಲೆ ಎಲ್ಲಿಂದಲೋ ಬಂದ ಕಪ್ಪು ಕೆಸರು. ಹುಲಿಯ ಅಲ್ಲಿಗೆ ಹೋಗಲೊಲ್ಲ. ನೀರು ನಿಂತ ಗುಂಡಿ ಕಂಡರೆ ದೂರದಿಂದಲೇ ಸುತ್ತಿ ನಡೆಯುತ್ತಿದ್ದ. ಏನನ್ನೂ ಮಾಡದೆ ಮೇಲೆ ಬಂದು ಹಾಲಿನ ಮೂಲೆಯಲ್ಲಿ ಮುಗಿಸುತ್ತಿದ್ದ. ಒಮ್ಮೆ ಪುಸ್ತಕದ ಕಪಾಟಿನ ಕೆಳಸಾಲು ಸಿಕ್ಕಿತು. ಕಿಟೆಲ್ ನಿಘಂಟಿನ ಮದ್ರಾಸ್ ಆವೃತ್ತಿ ಅದು, ಮರಿಯಪ್ಪ ಭಟ್ಟರು ಪರಿಷ್ಕರಿಸಿ ಇಲ್ಲಿನ ವಿಶ್ವವಿದ್ಯಾನಿಲಯ ಪ್ರಕಟಿಸಿದ್ದು. ಎರಡನೆಯ ಸಂಪುಟ ಫ್ಯಾನಿನ ಕೆಳಗೆ ನಾಲ್ಕು ದಿನ ತೆರೆದು ಮಲಗಿತ್ತು. ಕ್ಯಾಲೆಂಡರಿನಲ್ಲಿ ಮತ್ತೆ ಗುರುತುಗಳು ಎದ್ದವು. ಡಿಸೆಂಬರ್ ಪುಟದಲ್ಲಿ ಒಟ್ಟು ಹತ್ತೊಂಬತ್ತು.

ಯಜಮಾನ ನಾಯಿಗೆ ಹೇಳಿದರೆ ನಾಯಿ ಬಾಲಕ್ಕೆ ಹೇಳಿತಂತೆ ಎಂಬ ಗಾದೆಯನ್ನು ಆ ದಿನಗಳಲ್ಲಿ ನಮಗೆ ನೆನಪಿಸದ ನೆಂಟರಿಲ್ಲ. ಪಶುವೈದ್ಯೆಯ ಮಾತು ಬೇರೆಯಿತ್ತು: ಮೊದಲು ಮೂತ್ರ ಪರೀಕ್ಷೆ, ಆಮೇಲೆ ಬೇಕಿದ್ದರೆ ಗದರಿಕೆ. ಕಲಿತ ನಾಯಿ ಇದ್ದಕ್ಕಿದ್ದಂತೆ ತಪ್ಪತೊಡಗಿದರೆ ಮೂತ್ರಕೋಶದ ಸೋಂಕು ಇರಬಹುದು. ನೆರೆಯ ನಂತರವಾದರೆ ಇಲಿಮೂತ್ರ ಬೆರೆತ ನೀರಿನಿಂದ ಬರುವ, ಮಲೆನಾಡಿನವರಿಗೆ ಹೆಸರು ಗೊತ್ತಿರುವ ಇಲಿಜ್ವರದ ಅನುಮಾನವೂ ಇರುತ್ತದೆ. ಹುಲಿಯನಿಗೆ ಎರಡೂ ಇರಲಿಲ್ಲ. ಗದರಿಕೆಯ ಸರದಿ ಬಂದಾಗ ಅವರು ಅದನ್ನೂ ತೆಗೆದುಹಾಕಿದರು. ಮಾಡಿದ ಜಾಗಕ್ಕೆ ಎಳೆದೊಯ್ದು ಮೂಗು ತಿಕ್ಕಿಸಿದರೆ, ಮನುಷ್ಯರ ಎದುರಿಗೆ ಮಾಡುವುದು ಅಪಾಯವೆಂದು ಮಾತ್ರ ನಾಯಿ ಕಲಿಯುತ್ತದೆ. ಮುಂದಿನ ಸಲ ಸೋಫಾದ ಹಿಂದೆ ಹೋಗುತ್ತದೆ ಎಂದರು.

ಅವರು ಹೇಳಿದ ಇನ್ನೊಂದು ಸಂಗತಿಯನ್ನು ಹಿಡಿದು ನಾವು ಸ್ವಲ್ಪ ಓದಿದೆವು. ಗಂಟೆಯ ಸದ್ದಿಗೆ ಜೊಲ್ಲು ಸುರಿಸುವ ನಾಯಿಗಳಿಂದ ಪ್ರಸಿದ್ಧನಾದ ಪಾವ್ಲೋವನ ಪ್ರಯೋಗಶಾಲೆಯಲ್ಲಿಯೂ ಒಂದು ನೆರೆ ಬಂದಿತ್ತು. 1924ರ ಸೆಪ್ಟೆಂಬರಿನಲ್ಲಿ ನೆವಾ ನದಿ ಉಕ್ಕಿ ಲೆನಿನ್‌ಗ್ರಾಡ್ ಮುಳುಗಿದಾಗ, ನಾಯಿಗಳಿದ್ದ ಗೂಡುಗಳಿಗೂ ನೀರು ನುಗ್ಗಿತು. ಅವುಗಳನ್ನು ಗುಂಪುಗುಂಪಾಗಿ ಈಜಿಸಿಕೊಂಡು ಕಟ್ಟಡಕ್ಕೆ ಸಾಗಿಸಿದರು. ನಾಯಿಗಳು ಬದುಕಿಕೊಂಡವು. ಆದರೆ ಪ್ರಯೋಗ ಮತ್ತೆ ಆರಂಭಿಸಿದಾಗ ಕೆಲವು ನಾಯಿಗಳು ಚೆನ್ನಾಗಿ ಕಲಿತಿದ್ದ ಪ್ರತಿಕ್ರಿಯೆಗಳನ್ನೇ ಕಳೆದುಕೊಂಡಿದ್ದವು. ದೀರ್ಘಕಾಲದ ಆರೈಕೆಯ ನಂತರ ಅವು ಮರಳಿ ಬಂದವು. ಹಾಗೆ ಚೇತರಿಸಿಕೊಂಡಿದ್ದ ಒಂದು ನಾಯಿಯ ಕೋಣೆಗೆ ಬಾಗಿಲಿನ ಕೆಳಗಿಂದ ತುಸು ನೀರು ಹರಿಯಬಿಟ್ಟಾಗ, ಮತ್ತೆ ಎಲ್ಲವೂ ಅಳಿಸಿಹೋಯಿತು. ಪಾವ್ಲೋವ್ ಇದನ್ನು ಹಟವೆಂದೋ ದಡ್ಡತನವೆಂದೋ ಕರೆಯಲಿಲ್ಲ. ನರಮಂಡಲಕ್ಕೆ ಬಿದ್ದ ಪೆಟ್ಟೆಂದು ಗುರುತಿಸಿ, ತನ್ನ ಉಪನ್ಯಾಸಗಳಲ್ಲಿ ಅದಕ್ಕೆ ಗಂಭೀರವಾದ ಸ್ಥಾನ ಕೊಟ್ಟ. ಜೊಲ್ಲಿನ ಪಾಠಕ್ಕೂ ಶೌಚದ ಪಾಠಕ್ಕೂ ವ್ಯತ್ಯಾಸವಿದೆ, ಒಪ್ಪೋಣ. ಆದರೂ ನೂರು ವರ್ಷದ ಹಿಂದಿನ ಆ ಒದ್ದೆ ನಾಯಿಗಳ ಬಗ್ಗೆ ಓದಿದ ಮೇಲೆ, ಗುಂಡಿಯನ್ನು ಸುತ್ತಿ ನಡೆಯುವ ಹುಲಿಯನನ್ನು ನೋಡುವ ನಮ್ಮ ನೋಟ ಬದಲಾಯಿತು.

ಆದರೆ ವಿಷಯದ ತಿರುಳನ್ನು ಹಿಡಿದವರು ಪಾವ್ಲೋವನೂ ಅಲ್ಲ, ವೈದ್ಯೆಯೂ ಅಲ್ಲ. ಅದು ಅಮ್ಮ. ಇದನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ.

ಕರೆಂಟಿಲ್ಲದ ಎರಡನೆಯ ರಾತ್ರಿ, ಅಂದರೆ 5ರ ರಾತ್ರಿ, ಅಮ್ಮ ಟಾರ್ಚ್ ಹಿಡಿದು ಬಚ್ಚಲಿಗೆ ಹೋಗಿಬರುವ ಸದ್ದು ನಮಗೆ ಮೂರು ಸಲ ಕೇಳಿಸಿತು. ಮೂರನೆಯ ಸಲ ಎದ್ದು ನೋಡಿದರೆ, ಅವರ ಮುಂದೆ ಮುಂದೆ ಹುಲಿಯ ನಡೆಯುತ್ತಿದ್ದ. ಅವರು ಒಳಗೆ ಹೋದಾಗ ಬಾಗಿಲ ಹೊರಗೆ ಕೂತು ಕಾದ. ಮಡಿಯ ಮಾತು ಆ ಕತ್ತಲೆಯಲ್ಲಿ ಎಲ್ಲಿಗೆ ಹೋಗಿತ್ತೋ. ಮರುದಿನ ಬೆಳಿಗ್ಗೆ ಹೊಸೂರಿನ ತೋಟದ ವಿಷಯವನ್ನು ನಾವು ಮೆಲ್ಲಗೆ ಎತ್ತಿದೆವು. ಅಮ್ಮ ಕಾಫಿ ಲೋಟ ಕೆಳಗಿಟ್ಟರು.

“ನಂಗೂ ರಾತ್ರಿಗೆ ಮೂರು ಸಲ ಏಳ್ಬೇಕು. ಒಂದೊಂದು ಸಲ ಬಾಗ್ಲಿಗೆ ಹೋಗೋ ತನಕ ತಡಿಯೋಕಾಗಲ್ಲ, ನಿಮ್ಗೆ ಹೇಳಿಲ್ಲ ಅಷ್ಟೆ. ನನ್ನೂ ತೋಟಕ್ಕೆ ಕಳಿಸ್ತೀರಾ?”

ನಾವಿಬ್ಬರೂ ಏನೂ ಹೇಳಲಾಗದೆ ಕೂತೆವು. ಅವರೇ ಮುಂದುವರಿಸಿದರು. “ಅದು ಪಾಠ ಮರ್ತಿಲ್ಲ. ಮಣ್ಣಿನ ಮೇಲೆ ಮಾಡು ಅಂತ ಕಲಿಸಿದ್ರಿ. ಮನೇಲಿ ಇದ್ದ ಮಣ್ಣು ಅಂದ್ರೆ ಅದೊಂದೇ ಕುಂಡ. ಮಣ್ಣು ಹುಡುಕ್ಕೊಂಡು ಹೋಗಿದೆ ಪಾಪ.”

ಪುಸ್ತಕಗಳೂ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತವೆ. ಮರಿನಾಯಿ ‘ಮನೆಯೊಳಗೆ ಮಾಡಬಾರದು’ ಎಂಬ ಸೂತ್ರವನ್ನು ಕಲಿಯುವುದಿಲ್ಲ. ಅದು ಕಲಿಯುವುದು ಪಾದಕ್ಕೆ ತಾಗುವ ಒಂದು ನೆಲವನ್ನು, ಮೂಗಿಗೆ ಸಿಗುವ ಒಂದು ವಾಸನೆಯನ್ನು. ಹುಲ್ಲಿನ ಮೇಲೆ ಕಲಿತದ್ದು ಸಿಮೆಂಟಿನ ಮೇಲೆ ತಬ್ಬಿಬ್ಬಾಗುತ್ತದೆ. ಪತ್ರಿಕೆಯ ಮೇಲೆ ಕಲಿತದ್ದು ಅಂದಿನ ಪತ್ರಿಕೆಯನ್ನೂ ಬಿಡುವುದಿಲ್ಲ. ನೆರೆ ನಮ್ಮ ಮರದ ಬುಡದಿಂದ ಹುಲಿಯನ ವಾಸನೆಯನ್ನು ತೊಳೆದೊಯ್ದು, ಅದರ ಮೇಲೆ ಇಡೀ ಬಡಾವಣೆಯ ಅಪರಿಚಿತ ವಾಸನೆಗಳನ್ನು ಹರಡಿ ಹೋಗಿತ್ತು. ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು 50–60 ಲಕ್ಷವಾದರೆ ನಾಯಿಯ ಮೂಗಿನಲ್ಲಿ, ತಳಿಯನ್ನು ಅನುಸರಿಸಿ, 10 ಕೋಟಿಯಿಂದ 30 ಕೋಟಿ ಎನ್ನುತ್ತಾರೆ. ನಮಗೆ ಮರ ಅದೇ ಮರ. ಅವನಿಗೆ ಅದು ಬೇರೆ ಊರು.

ಹಾಗಾಗಿ ಪಾಠವನ್ನು ಒಂದನೆಯ ಪುಟದಿಂದ ತೆರೆದೆವು. ಅವನಿಗೆ ಮತ್ತೆ ಎರಡೂವರೆ ತಿಂಗಳು ಎಂದು ಭಾವಿಸಿ, ಎರಡು ಗಂಟೆಗೊಮ್ಮೆ ಕೆಳಗೆ. ರಾತ್ರಿ ಹನ್ನೊಂದಕ್ಕೊಮ್ಮೆ, ಬೆಳಗಿನ ಐದಕ್ಕೊಮ್ಮೆ. ಮನೆಯೊಳಗಿದ್ದಾಗ ಹಗ್ಗದ ಇನ್ನೊಂದು ತುದಿ ನಮ್ಮಲ್ಲೊಬ್ಬರ ಸೊಂಟಕ್ಕೆ, ಅವನು ಮೂಸುತ್ತ ಸುತ್ತತೊಡಗಿದರೆ ತಿಳಿಯಲೆಂದು. ಹೀಗೆ ನಾಯಿ ಕಟ್ಟಿಕೊಂಡೇ ಆಫೀಸಿನ ಎಷ್ಟು ಮೀಟಿಂಗುಗಳನ್ನು ಮುಗಿಸಿದೆವೋ. ಫಿನೈಲಿಗೆ ಮನೆಯಲ್ಲಿ ರಜೆ ಕೊಟ್ಟೆವು; ಅದು ನಮ್ಮ ಮೂಗಿಗಷ್ಟೇ ವಾಸನೆಯನ್ನು ಮುಚ್ಚುತ್ತದೆ, ನಾಯಿಗೆ ಗುರುತು ಉಳಿದೇ ಇರುತ್ತದೆ. ಮೂತ್ರದ ಅಂಶವನ್ನೇ ಒಡೆಯುವ ಕಿಣ್ವದ ದ್ರಾವಣ ಅಂಗಡಿಗಳಲ್ಲಿ ಸಿಗುತ್ತದೆ, ತುಸು ದುಬಾರಿ. ಅಮೋನಿಯಾ ಇರುವ ಯಾವುದೂ ಬೇಡ, ನಾಯಿಗೆ ಅದು ಮತ್ತೊಂದು ನಾಯಿ ಬಂದುಹೋದಂತೆ ತೋರುತ್ತದೆ.

ಇವೆಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಅಮ್ಮನ ಉಪಾಯ. ಮಣ್ಣು ಬೇಕೆಂದರೆ ಮಣ್ಣನ್ನೇ ಮೇಲೆ ತನ್ನಿ ಎಂದರು. ಎರಡು ಅಡಿ ಅಗಲದ ಪ್ಲಾಸ್ಟಿಕ್ ತಟ್ಟೆಯೊಂದನ್ನು ಕೊಂಡೆವು. ಕಾವಲುಗಾರರು ಕೆಸರಿನ ಪದರವನ್ನು ಸರಿಸಿ, ಹೊಂಗೆಮರದ ಬುಡದ ಹಳೆಯ ಮಣ್ಣನ್ನು ಅಗೆದು ತುಂಬಿಕೊಟ್ಟರು. ಬಾಲ್ಕನಿಯ ಒಂದು ತುದಿಗೆ ತಟ್ಟೆ. ಇನ್ನೊಂದು ತುದಿಗೆ, ಎದೆಯೆತ್ತರದ ಕಬ್ಬಿಣದ ಸ್ಟ್ಯಾಂಡಿನ ಮೇಲೆ ತುಳಸಿ. ಹಳೆಯ ಗಿಡ ಉಳಿಯಲಿಲ್ಲ. ಹೊಸ ಸಸಿಯನ್ನು ನೆಟ್ಟಾಗ ಊರಿನ ಮಣ್ಣನ್ನು ಅಮ್ಮ ಹೊರಗೆ ಹಾಕಿಸಲಿಲ್ಲ. ಬಿಸಿಲಿಗೆ ಒಣಗಿಸಿ, ಗಂಜಲ ತಳಿದು, ಶುದ್ಧಿಯಾಯಿತೆಂದು ತಾವೇ ತೀರ್ಮಾನಿಸಿ ಮತ್ತೆ ತುಂಬಿದರು. ಗಂಜಲಕ್ಕೂ ಹುಲಿಯನ ಕಾಣಿಕೆಗೂ ಇರುವ ವ್ಯತ್ಯಾಸವನ್ನು ಶಾಸ್ತ್ರ ತಿಳಿದವರು ವಿವರಿಸಲಿ, ನಾವು ಕೇಳಲು ಹೋಗಲಿಲ್ಲ.

ತಟ್ಟೆಯನ್ನು ಹುಲಿಯ ಮೂರು ದಿನ ಬರಿದೇ ಮೂಸಿದ. ನಾಲ್ಕನೆಯ ದಿನ ಒಳಗೆ ಕಾಲಿಟ್ಟ. ಅಮ್ಮ ಅಡುಗೆಮನೆಯ ಹೊಸ್ತಿಲಿನಿಂದ “ಒಂದಕ್ಕೆ, ಒಂದಕ್ಕೆ” ಎಂದು ಮಂತ್ರದಂತೆ ಹೇಳುತ್ತ ನಿಂತಿದ್ದರು. ಕೆಲಸ ಮುಗಿಯಿತು. ಜನವರಿಯ ಪುಟದಲ್ಲಿ ಆರು ಗುರುತು, ಫೆಬ್ರವರಿಯಲ್ಲಿ ಎರಡು, ಮಾರ್ಚಿನಲ್ಲಿ ಮತ್ತೆ ನಾಲ್ಕು. ಆ ನಾಲ್ಕು ಮಾತ್ರ ಪ್ರಾಯದ ಗಂಡುನಾಯಿಯ ಗಡಿ ಗುರುತಿಸುವ ಚಟದವು, ನೆರೆಯ ಲೆಕ್ಕಕ್ಕೆ ಸೇರುವುದಿಲ್ಲ. ಆ ಹೊತ್ತಿಗೆ ಮರದ ಬುಡವೂ ಅವನಿಗೆ ಮತ್ತೆ ಪರಿಚಿತವಾಗಿತ್ತು.

ಅಮ್ಮನ ಕೋಣೆಯಿಂದ ಬಚ್ಚಲವರೆಗೆ ಗೋಡೆಗೆ ಹಿಡಿಕೆ ಹಾಕಿಸಿದ್ದೇವೆ. ನೆಲದ ಅಂಚಿಗೆ ರಾತ್ರಿಯಿಡೀ ಉರಿಯುವ, ಕರೆಂಟು ಹೋದರೂ ಆರದ ಪುಟ್ಟ ದೀಪಗಳಿವೆ. ಅಮ್ಮನಿಗೂ ವೈದ್ಯರ ಔಷಧಿ ನಡೆಯುತ್ತಿದೆ, ರಾತ್ರಿಯ ಮೂರು ಈಗ ಒಂದಕ್ಕೆ ಇಳಿದಿದೆ. ಹೊಸೂರಿನ ತೋಟದವರಿಗೆ ಬೇರೆ ನಾಯಿ ಸಿಕ್ಕಿತು ಎಂದು ಅಕ್ಕ ತಿಳಿಸಿದರು.

2024ರ ನವೆಂಬರ್ 30ರಂದು ಫೆಂಗಲ್ ಚಂಡಮಾರುತ ಬಂದಾಗ ವಿಮಾನಗಳು ಮತ್ತೆ ನಿಂತವು, ಇಡೀ ದಿನ ಮಳೆ ಸುರಿಯಿತು. ಹುಲಿಯ ಬೆಳಿಗ್ಗೆ ಗೇಟಿನವರೆಗೆ ಬಂದು ಹೊರಗಿನ ನೀರನ್ನು ನೋಡಿದ. ತಾನಾಗಿಯೇ ತಿರುಗಿ ಮೆಟ್ಟಿಲು ಹತ್ತಿದ. ಸಂಜೆಯ ಹೊತ್ತಿಗೆ ತಟ್ಟೆಯ ಮಣ್ಣು ಬದಲಾಯಿಸಬೇಕಾಯಿತು. ಕಾವಲುಗಾರರು ಮಳೆ ಬರುತ್ತದೆಂದು ಮೊದಲೇ ಎರಡು ಚೀಲ ಒಣಮಣ್ಣನ್ನು ಮೆಟ್ಟಿಲ ಕೆಳಗೆ ಕಟ್ಟಿಟ್ಟಿದ್ದರು.